ಬರಬೇಡ ಎಂದೇ ಬರೆದಿದ್ದೇನೆ

ಮಾರ್ಚ್ ೨೮

ನನ್ನ ಹಳೆಯ ಕೆಲಸಗಾರನಿಗೆ,

ಅಳಿಯ ಎಂದು ಬರೆಯಲು ಕೈ ಬರುವುದಿಲ್ಲ. ಕ್ಷೇಮ ಕೇಳುವ ಶಾಸ್ತ್ರವೂ ಬೇಡ. ನಿಮ್ಮ ಮನೆಯ ಸುದ್ದಿ ನನಗೆ ಬಂದು ತಲುಪಿದೆ. ಈ ಕಾಗದ ತಂದುಕೊಟ್ಟನಲ್ಲ, ಆ ಟ್ಯಾಂಕರ್ ಡ್ರೈವರ್, ಅವನೂ ನನ್ನ ಡ್ರೈವಿಂಗ್ ಸ್ಕೂಲಿನಲ್ಲೇ ಸ್ಟಿಯರಿಂಗ್ ಹಿಡಿಯಲು ಕಲಿತವನು. ನಮ್ಮೂರಾಚೆಯ ಫ್ಯಾಕ್ಟರಿಯಲ್ಲಿ ಆಕ್ಸಿಜನ್ ತುಂಬಿಸಿಕೊಂಡು ನಿಮ್ಮೂರಿನ ಆಸ್ಪತ್ರೆಗೆ ಇಳಿಸಿ ಬರುತ್ತಾನೆ. ನೀವು ಮುಚ್ಚಿಟ್ಟದ್ದನ್ನೆಲ್ಲ ಅವನು ಗೇಟಿನ ಹೊರಗೆ ನಿಂತು ಹೇಳಿ ಹೋದ.

ನನ್ನ ಮಗಳನ್ನು ಜ್ವರದ ವಾರ್ಡಿನ ಡ್ಯೂಟಿಗೆ ಹಾಕಿದ್ದಾರಂತೆ. ವಾರಗಟ್ಟಲೆ ಮನೆಗೆ ಬಂದಿಲ್ಲವಂತೆ, ನರ್ಸುಗಳ ಹಾಸ್ಟೆಲಿನಲ್ಲೇ ಮಲಗುತ್ತಾಳಂತೆ. ನೀನು ವ್ಯಾನಿನಲ್ಲಿ ಸಿಲಿಂಡರ್ ತುಂಬಿಕೊಂಡು ರೋಗಿಗಳಿರುವ ಮನೆಮನೆಗೂ ಹತ್ತಿ ಇಳಿಯುತ್ತೀಯಂತೆ. ನಿಮ್ಮಿಬ್ಬರ ನಡುವೆ ನಾಲ್ಕು ವರ್ಷದ ಆ ಮಗು ಯಾರದೋ ಮನೆಯಲ್ಲಿ, ಕೆಳಗಿನ ಮಹಡಿಯ ದರ್ಜಿ ಹೆಂಗಸಿನ ಮಡಿಲಲ್ಲಿ ಬೆಳೆಯುತ್ತಿದೆ. ಸಂಜೆ ನೀನು ಅದೇ ಬಟ್ಟೆಯಲ್ಲಿ ಬಂದು ಅವಳನ್ನು ಎತ್ತಿಕೊಳ್ಳುತ್ತೀಯ. ಇಲ್ಲ, ಸ್ನಾನ ಮಾಡುತ್ತೇನೆ ಎಂದು ಬರೆಯಬೇಡ. ನಿನ್ನ ಸ್ನಾನ ಎಂಥದ್ದು ಎಂದು ಗೊತ್ತು. ಐದು ವರ್ಷ ನನ್ನ ಕಾರು ತೊಳೆದವನು ನೀನು, ಒಂದು ದಿನವೂ ಚಕ್ರದ ಒಳಭಾಗಕ್ಕೆ ಬಟ್ಟೆ ಮುಟ್ಟಿಸಲಿಲ್ಲ.

ಮಗುವನ್ನು ನಾನು ಕರೆದುಕೊಂಡು ಬರುತ್ತೇನೆ. ಬೆಳಿಗ್ಗೆ ಹೊರಟರೆ ಸಂಜೆಗೆ ನಿಮ್ಮೂರು. ಇಲ್ಲಿ ಸ್ಕೂಲು ಮುಚ್ಚಿದೆ, ಕಾರುಗಳಿಗೆಲ್ಲ ಹೊದಿಕೆ ಹಾಕಿದ್ದೇನೆ, ಬೀದಿಯಲ್ಲಿ ಕೆಮ್ಮುವವರು ಒಬ್ಬರಿಲ್ಲ. ಮನೆಯಲ್ಲಿ ಮೂರು ಕೋಣೆ, ಒಬ್ಬಳೇ ಮನುಷ್ಯಳು. ಮಗುವಿಗೆ ಇದಕ್ಕಿಂತ ಸುರಕ್ಷಿತ ಜಾಗ ಇದ್ದರೆ ತೋರಿಸು.

ಇದು ಬೇಡಿಕೆ ಎಂದು ತಿಳಿಯಬೇಡ. ನನ್ನ ಫೋನು ಬಂದರೆ ಮಗಳು ಕತ್ತರಿಸುತ್ತಾಳೆ, ನೀನು ಎತ್ತುವುದೇ ಇಲ್ಲ. ಅದಕ್ಕೇ ಕಾಗದ. ಉತ್ತರವನ್ನು ಅದೇ ಟ್ಯಾಂಕರಿನವನ ಕೈಗೆ ಕೊಡು.

ಇಂತಿ,
ಯಾವುದು ಕ್ಲಚ್ಚು ಯಾವುದು ಬ್ರೇಕು ಎಂದು ನಿನಗೆ ತೋರಿಸಿಕೊಟ್ಟವಳು


ಏಪ್ರಿಲ್ ೫

ಮೇಡಂ,

ನಿಮ್ಮ ಸ್ಕೂಲಿನಲ್ಲಿ ಕೆಲಸಕ್ಕಿದ್ದಷ್ಟು ವರ್ಷವೂ ಹೀಗೇ ಕರೆದೆ. ಬೇರೆ ಹೆಸರು ಹಿಡಿದು ಕರೆಯುವ ಅವಕಾಶವನ್ನು ನೀವು ಕೊಡಲಿಲ್ಲ, ಆದ್ದರಿಂದ ಈಗಲೂ ಅದೇ.

ರಸ್ತೆ ತೆರೆದಿದ್ದ ಕಾಲದಲ್ಲಿ ನೀವು ಬರಲಿಲ್ಲ. ರಿಜಿಸ್ಟರ್ ಆದ ಮೇಲೆ ಇಟ್ಟುಕೊಂಡ ಮದುವೆಯ ಊಟಕ್ಕೆ ಕಾರ್ಡ್ ಕಳಿಸಿದೆವು, ಬರಲಿಲ್ಲ. ಮಗು ಹುಟ್ಟಿದಾಗ ಫೋಟೊ ಕಳಿಸಿದೆ, ಕವರನ್ನು ಒಡೆಯದೆ ವಾಪಸ್ ಕಳಿಸಿದಿರಿ. ಈಗ ದಾರಿಗೆಲ್ಲ ಡ್ರಮ್ಮುಗಳನ್ನು ಅಡ್ಡ ಇಟ್ಟು ಪೊಲೀಸರು ಲಾಠಿ ಹಿಡಿದು ನಿಂತಿರುವಾಗ ಹೊರಟಿದ್ದೀರಿ. ತೆರೆದ ಬಾಗಿಲು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲವೇನೋ. ಮುಚ್ಚಿದ್ದನ್ನು ಕಂಡರೆ ಮಾತ್ರ ಒದೆಯಬೇಕು ಅನಿಸುತ್ತದೆ.

ನಿಮಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಅಂಥವರು ವಾರ್ಡಿನ ಒಳಗೆ ನಡೆದುಕೊಂಡು ಹೋಗಿ ಹೊರಗೆ ಹೇಗೆ ಬರುತ್ತಾರೆ ಎಂಬುದನ್ನು ನಿಮ್ಮ ಮಗಳು ದಿನಾ ನೋಡುತ್ತಿದ್ದಾಳೆ. ದಾರಿಯುದ್ದಕ್ಕೂ ಒಂದು ಹೋಟೆಲಿಲ್ಲ. ಪೆಟ್ರೋಲ್ ಬಂಕಿನ ಶೌಚಾಲಯಗಳಿಗೆ ಬೀಗ. ಟಯರು ಪಂಕ್ಚರ್ ಆದರೆ ಹತ್ತಿರ ಬರುವ ನರಪಿಳ್ಳೆಯಿಲ್ಲ. ಈ ಪ್ರಯಾಣ ಬೇಡ. ನಿಮ್ಮ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ, ವಾಪಸ್ ಬರುವಾಗ ಅದೇ ಕಾರಿನಲ್ಲಿ ನನ್ನ ಮಗಳಿರುತ್ತಾಳೆ, ಅದಕ್ಕೆ ಹೇಳುತ್ತಿದ್ದೇನೆ.

ಅವಳನ್ನು ನಾವು ಸಾಸಿವೆ ಎಂದು ಕರೆಯುತ್ತೇವೆ. ಅಷ್ಟೇ ಗಾತ್ರ, ಹಾಗೆಯೇ ಚಟಪಟ. ನೀವೊಬ್ಬರು ಇದ್ದೀರಿ ಎಂಬುದೇ ಅವಳಿಗೆ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ಅಜ್ಜಿ ಎಂದರೆ ಕೆಳಗಿನ ಮನೆಯ ದರ್ಜಿಯವರು. ನೀವು "ಯಾರದೋ ಮನೆ" ಎಂದು ಬರೆದಿರಲ್ಲ, ಆ ಮನೆಯವರೇ ಅವಳಿಗೆ ನಡೆಯುವುದನ್ನು ಕಲಿಸಿದ್ದು.

ನಿಮ್ಮ ಕಾಗದವನ್ನು ಆಸ್ಪತ್ರೆಯ ಗೇಟಿನ ಸಂದಿಯಿಂದ ನಿಮ್ಮ ಮಗಳಿಗೆ ತೋರಿಸಿದೆ. ಅಕ್ಷರ ನೋಡಿದವಳೇ ಕೈ ಹಿಂದಕ್ಕೆ ಎಳೆದುಕೊಂಡಳು. "ಇದನ್ನ ಇಲ್ಲಿಗ್ಯಾಕೆ ತಂದೆ? ಒಳಗಡೆ ಇರೋದು ಸಾಲ್ದಾ ನಂಗೆ?" ಎಂದಳು. ಕಾಗದದಲ್ಲಿದ್ದುದನ್ನು ನಾನೇ ಬಾಯಿಬಿಟ್ಟು ಹೇಳಿದೆ. "ನನ್ನ ಮಗು ಆ ಮನೆ ಹೊಸ್ತಿಲು ತುಳಿಯಲ್ಲ. ನಾನು ಸತ್ರೂ ತುಳಿಯಲ್ಲ" ಎಂದು ಒಳಗೆ ಹೋದಳು.

ಆ ಕೊನೆಯ ಮಾತನ್ನು ಅವಳು ಈ ಕಾಲದಲ್ಲಿ, ಆ ಗೇಟಿನ ಹತ್ತಿರ ಹೇಳಬಾರದಿತ್ತು. ಅದನ್ನು ಹೇಳಿಸಿದವರು ನೀವು.

ಇಂತಿ,
ನಿಮ್ಮ ಮಗಳ ಗಂಡ


ಏಪ್ರಿಲ್ ೧೪

ಮಗಳ ಗಂಡನಿಗೆ,

ಮೇಡಂ ಅಂತೆ, ಮೇಡಂ. ಎಷ್ಟು ವಿನಯ! ಇದೇ ವಿನಯದಿಂದ "ಬೆಳಿಗ್ಗೆ ಬರ್ತೀನಿ ಮೇಡಂ" ಎಂದು ಹೇಳಿ ಹೋದವನು, ಬೆಳಿಗ್ಗೆ ನನ್ನ ಮಗಳ ಜೊತೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಂತಿದ್ದೆ.

ಆ ದಿನ ಏನಾಯಿತು ಎಂದು ನೀನು ಯಾವತ್ತಾದರೂ ಕೇಳಿದ್ದೀಯಾ? ಸ್ಕೂಲಿನ ಬೋರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ "ಮತ್ತು ಮಗಳು" ಎಂದು ಬರೆಸಿದ್ದೆ. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕಲಿಯುವವರು ಸಾಲಾಗಿ ಕೂತಿದ್ದರು. ಕಲಿಸಲು ನಾನೊಬ್ಬಳು. ಮಗಳೂ ಇಲ್ಲ, ಮಾಸ್ತರನಾಗಿದ್ದ ನೀನೂ ಇಲ್ಲ. ನನ್ನ ಎರಡು ಕೈಗಳನ್ನೂ ಒಂದೇ ದಿನ ಕಿತ್ತುಕೊಂಡು ಹೋದವನು ನೀನು. ಈಗ ನನಗೆ ಪ್ರಯಾಣದ ಅಪಾಯದ ಬಗ್ಗೆ ಪಾಠ ಹೇಳುತ್ತೀಯ.

ಕೇಳು. ಆಯಿಲ್ ಬದಲಿಸಿದ್ದೇನೆ. ನಾಲ್ಕೂ ಟಯರು ಹೊಸದು, ಸ್ಟೆಪ್ನಿ ಎರಡು. ಪಂಕ್ಚರ್ ಆದರೆ ನರಪಿಳ್ಳೆ ಬರುವುದಿಲ್ಲ ಎಂದು ಬರೆದೆಯಲ್ಲ, ನಾನು ಯಾವತ್ತು ನರಪಿಳ್ಳೆಗೆ ಕಾದವಳು? ಜಾಕ್ ತಿರುಗಿಸುವುದನ್ನು ನಿನಗೆ ಕಲಿಸಿದ್ದು ಯಾರು? ನೀರಿನ ಕ್ಯಾನು, ಬ್ರೆಡ್ಡು, ಬಾಳೆಹಣ್ಣು ಇಟ್ಟಿದ್ದೇನೆ. ಶೌಚಾಲಯಕ್ಕೆ ಬೀಗ ಹಾಕಿದ್ದಾರೆ ಎಂದು ಹೆದರಿಸಬೇಡ, ಹಿಂದಿನ ಸೀಟಿಗೆ ಪರದೆ ಕಟ್ಟಿ ಮುಚ್ಚಳದ ಬಕೆಟ್ ಇಟ್ಟಿದ್ದೇನೆ. ನನ್ನ ಎರಡು ಕಾರುಗಳನ್ನು ಔಷಧಿ ಸಾಗಿಸಲು ಕೊಟ್ಟಿರುವುದರಿಂದ ಪಾಸು ಸಿಕ್ಕಿದೆ. ಅದು ನಮ್ಮ ಜಿಲ್ಲೆ ಮುಗಿಯುವ ಸೇತುವೆಯವರೆಗೆ ನಡೆಯುತ್ತದೆ. ಅಲ್ಲಿಂದ ಮುಂದೆ ನನ್ನ ಬಾಯಿ ನಡೆಯುತ್ತದೆ.

ಭಾನುವಾರ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಬೀದಿಯವರೆಲ್ಲ ಹೊರಗೆ ಬರುವ ತನಕ ಹಾರ್ನ್ ಒತ್ತುತ್ತೇನೆ.

ಆ ಕವರಿನ ವಿಷಯ: ಅದರೊಳಗೆ ಏನಿದೆ ಎಂದು ಗೊತ್ತಿದ್ದದ್ದರಿಂದಲೇ ಒಡೆಯಲಿಲ್ಲ. ನಿನ್ನಂಥವನಿಗೆ ಅದು ಅರ್ಥವಾಗುವುದಿಲ್ಲ.

ಇಂತಿ,
ಭಾನುವಾರ ಬರುವವಳು


ಏಪ್ರಿಲ್ ೩೦

ಮೇಡಂ,

ಆ ಭಾನುವಾರ ನಮ್ಮ ಬೀದಿಯಲ್ಲಿ ಹಾರ್ನ್ ಕೇಳಿಸಲಿಲ್ಲ. ಸೇತುವೆಯ ಹತ್ತಿರ ಪೊಲೀಸರು ನಿಮ್ಮನ್ನು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿ ವಾಪಸ್ ಕಳಿಸಿದರು ಎಂದು ಟ್ಯಾಂಕರಿನವನು ಹೇಳಿದ. ನನಗೆ ಸಂತೋಷವಾಯಿತು. ಸುಳ್ಳು ಯಾಕೆ, ಬಹಳ ಸಂತೋಷವಾಯಿತು. ಬಾಗಿಲ ಚಿಲಕ ಹಾಕಿಕೊಂಡು ಮಗಳ ಜೊತೆ ಕುಣಿದೆ.

ಈ ಸೋಮವಾರ ದರ್ಜಿಯವರಿಗೆ ಕೆಮ್ಮು ಶುರುವಾಯಿತು. ಬುಧವಾರ ಆಂಬುಲೆನ್ಸ್ ಬಂತು. ಮೆಟ್ಟಿಲಿಗೆಲ್ಲ ಔಷಧಿ ಹೊಡೆದರು, ಗೇಟಿಗೆ ನೋಟಿಸು ಅಂಟಿಸಿದರು. ಆಂಬುಲೆನ್ಸಿನ ಬಾಗಿಲು ಮುಚ್ಚುವಾಗಲೂ ಆಯಮ್ಮ ಕೂಗಿ ಹೇಳುತ್ತಿದ್ದರು: "ಫ್ರಾಕಿಗೆ ಗುಂಡಿ ಹಾಕಿಲ್ಲ ಕಣಪ್ಪ, ಹಾಗೇ ತೊಡಿಸ್ಬಿಡಬೇಡ!" ಮಂಗಳವಾರ ಸಂಜೆಯವರೆಗೂ ಸಾಸಿವೆ ಅವರ ಮಡಿಲಲ್ಲೇ ಇದ್ದಳು.

ಅಂದಿನಿಂದ ಅವಳು ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿದ್ದಾಳೆ. ಹಿಂದೆ ಸಿಲಿಂಡರುಗಳು, ಮುಂದೆ ಅವಳು. ಬಿಟ್ಟು ಹೋಗಲು ಮನೆಯಿಲ್ಲ, ನೋಟಿಸು ಅಂಟಿದ ಕಟ್ಟಡದ ಮಗುವನ್ನು ಯಾರೂ ಸೇರಿಸುವುದಿಲ್ಲ. ರಜೆ ಕೇಳಿದೆ. ಇನ್ನೊಬ್ಬ ಡ್ರೈವರ್ ಆಗಲೇ ಜ್ವರ ಬಂದು ಮಲಗಿದ್ದಾನೆ, ನಾನೂ ನಿಂತರೆ ಈ ಭಾಗಕ್ಕೆ ಸಿಲಿಂಡರ್ ಹೋಗುವುದಿಲ್ಲ. ಗಾಜು ಏರಿಸಿ, ಬಾಗಿಲು ಹಾಕಿ, ಸಿಲಿಂಡರ್ ಹೊತ್ತು ಮೇಲೆ ಹೋಗುತ್ತೇನೆ. ಅವಳು ಗಾಜಿಗೆ ಮೂಗು ಒತ್ತಿ ನೋಡುತ್ತಿರುತ್ತಾಳೆ.

ನಿನ್ನೆ ಒಂದು ಮನೆಗೆ ಹೋದೆ. ಮಹಡಿ ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ತುಂಬಿದ ಸಿಲಿಂಡರನ್ನು ಹಾಗೆಯೇ ಇಳಿಸಿಕೊಂಡು ಬಂದೆ. ಹಿಂದೆ ಮನೆಯವರ ಅಳು ಕೇಳಿಸುತ್ತಿತ್ತು. ವ್ಯಾನು ಹತ್ತಿದೊಡನೆ ಸಾಸಿವೆ ಕೇಳಿದಳು, "ಅಪ್ಪಾ, ಆ ಅಂಕಲ್‌ಗೆ ಗಾಳಿ ಸಾಕಾಯ್ತಾ?"

"ಸಾಕಾಯ್ತು ಕಂದ" ಎಂದೆ.

ಅದಕ್ಕೇ ಈ ಕಾಗದ.

ಅವಳಿಗೆ ಜ್ವರವಿಲ್ಲ. ಆದರೆ ರೋಗ ಅವಳೊಳಗೆ ಇರಬಹುದು. ಇದ್ದರೂ ಮಕ್ಕಳು ತಡೆದುಕೊಳ್ಳುತ್ತಾರೆ ಎನ್ನುತ್ತಾರೆ. ನಿಮ್ಮ ವಯಸ್ಸಿಗೆ, ನಿಮ್ಮ ಸಕ್ಕರೆಗೆ ತಡೆಯುವುದು ಕಷ್ಟ. ಇದನ್ನು ಹೇಳದೆ ಅವಳನ್ನು ನಿಮಗೆ ಒಪ್ಪಿಸಿದರೆ ನಾನು ಮನುಷ್ಯನೇ ಅಲ್ಲ. ನಿಮ್ಮ ಮಗಳಿಗೆ ಇದೊಂದೂ ಗೊತ್ತಿಲ್ಲ. ಗೊತ್ತಾದರೆ ಒಪ್ಪುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಆಮೇಲೆ ಅವಳು ಏನು ಮಾಡಿದರೂ ಅನುಭವಿಸುತ್ತೇನೆ.

ನನ್ನ ಪಾಸೂ ಆ ಸೇತುವೆಯವರೆಗೆ ನಡೆಯುತ್ತದೆ.

ನಾನು ಬೇಡಿಕೊಳ್ಳುತ್ತಿಲ್ಲ. ಬರುವುದೋ ಬೇಡವೋ ನೀವೇ ತೀರ್ಮಾನ ಮಾಡಿ. ಬೇಡ ಎಂದರೆ ನಿಮ್ಮನ್ನು ದ್ವೇಷಿಸುವುದಿಲ್ಲ. ಈಗ ಇರುವುದಕ್ಕಿಂತ ಹೆಚ್ಚಿಗೆ ದ್ವೇಷಿಸುವುದಿಲ್ಲ.

ಇಂತಿ,
ಸಾಸಿವೆಯ ಅಪ್ಪ


ಮೇ ೧

ಸಾಸಿವೆಯ ಅಪ್ಪನಿಗೆ,

ಭಾನುವಾರ ಬೆಳಿಗ್ಗೆ, ಸೇತುವೆ. ನೀನು ಆ ತುದಿ, ನಾನು ಈ ತುದಿ. ಬಟ್ಟೆ, ಮತ್ತೆ ಅವಳು ತಬ್ಬಿಕೊಂಡು ಮಲಗುವ ಗೊಂಬೆಯೋ ಚಾದರವೋ ಏನಾದರೂ ಇದ್ದರೆ ಅದು. ಗುಂಡಿಯಿಲ್ಲದ ಫ್ರಾಕನ್ನೂ ಕಳಿಸು, ಗುಂಡಿ ಹಾಕಲು ನನಗೂ ಬರುತ್ತದೆ.

ನನಗೆ ಏನಾಗಬಹುದು ಎಂದು ಅಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ. ನನಗೂ ಓದಲು ಬರುತ್ತದೆ, ಪೇಪರ್ ದಿನಾ ಬರುತ್ತದೆ.

ಇಂತಿ,
ಅವಳ ಅಜ್ಜಿ. ದರ್ಜಿಯವರಲ್ಲ, ಇನ್ನೊಬ್ಬಳು


ಮೇ ೭

ಸಾಸಿವೆಯ ಅಪ್ಪನಿಗೆ,

ಮಗು ಚೆನ್ನಾಗಿದೆ. ಅಷ್ಟು ಮಾತ್ರ ಬರೆದು ಮುಗಿಸಬೇಕೆಂದಿದ್ದೆ. ಆದರೆ ಭಾನುವಾರ ನೀನು ಮಾಡಿದ್ದನ್ನು ಹೇಳದೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ.

ದೊಡ್ಡವರು ಯಾರೂ ಸೇತುವೆ ದಾಟಬಾರದು, ಮಗು ಬೇಕಾದರೆ ನಡೆದು ಹೋಗಲಿ ಎಂದು ಪೊಲೀಸಿನವನು ಹೇಳಿದಾಗ ನೀನು ಸುಮ್ಮನೆ ತಲೆಯಾಡಿಸಿದೆ. ಎದುರು ಮಾತಾಡಲು ಬಾಯಿರಲಿಲ್ಲವೇ? ಬೆನ್ನಿಗೆ ಅವಳಿಗಿಂತ ದೊಡ್ಡ ಚೀಲ ಕಟ್ಟಿ ಕಳಿಸಿಬಿಟ್ಟೆ. ಆ ಚೀಲ ನಡೆದು ಬಂದಂತೆ ಕಾಣುತ್ತಿತ್ತು, ಅದರ ಕೆಳಗೆ ಎರಡು ಪುಟ್ಟ ಕಾಲು. ನಡುಮಧ್ಯಕ್ಕೆ ಬಂದು ನಿಂತಳು. ನನ್ನ ಕಡೆ ನೋಡಿದಳು, ನಿನ್ನ ಕಡೆ ನೋಡಿದಳು. ಆಮೇಲೆ ಅಲ್ಲೇ ರಸ್ತೆಯ ಮೇಲೆ ಕೂತುಕೊಂಡು ಇರುವೆ ಸಾಲನ್ನು ನೋಡಲು ಶುರುಮಾಡಿದಳು.

ನಾನು ಬಾ ಬಾ ಎಂದು ಕೂಗಿದೆ. ನನ್ನ ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ದರೋಡೆಗೆ ಬಂದವಳಂತಿದ್ದೆ. ಯಾವ ಮಗು ಬರುತ್ತದೆ? ನೀನು ಆ ಕಡೆಯಿಂದ "ಹೋಗಮ್ಮ, ಅಜ್ಜಿ ಅವ್ರು, ಹೋಗು" ಎಂದು ಕೂಗುತ್ತಿದ್ದೆ. ಹೋಗು ಎನ್ನುತ್ತ ಕೈ ಚಾಚಿಕೊಂಡು ನಿಂತಿದ್ದೆ. ಯಾರಾದರೂ ಹೋಗು ಎನ್ನುವಾಗ ಕೈ ಚಾಚುತ್ತಾರೆಯೇ?

ನಿನ್ನ ಮುಖ ಕಾಣುತ್ತಿರುವವರೆಗೆ ಅವಳು ಏಳುವುದಿಲ್ಲ ಎಂದು ನನಗೆ ಗೊತ್ತಾಯಿತು.

"ವ್ಯಾನ್ ಹತ್ತು! ಹೊರಡು ಮೊದಲು!" ಎಂದು ಕೂಗಿದೆ.

"ಅವಳನ್ನ ನಡುರೋಡಲ್ಲಿ ಬಿಟ್ಟು ಹೋಗ್ಲಾ? ನಿಮಗೆ ಕರುಳು ಅನ್ನೋದಿದ್ಯಾ?" ಎಂದೆ ನೀನು.

"ನನ್ನ ಕರುಳಿನ ಸುದ್ದಿ ಆಮೇಲೆ. ನೀನು ತೊಲಗಿದ್ರೆ ಅವಳು ಬರ್ತಾಳೆ!" ಎಂದೆ ನಾನು.

ಮಗುವಿನ ತಲೆಯ ಮೇಲೆ ಆ ದಡದಿಂದ ಈ ದಡಕ್ಕೆ ಐದು ವರ್ಷದ್ದನ್ನೆಲ್ಲ ಕೂಗಾಡಿಬಿಟ್ಟೆವು. ಪೊಲೀಸಿನವನು ಬೆಂಚಿನ ಮೇಲೆ ಕೂತು ಸಿನಿಮಾ ನೋಡಿದಂತೆ ನೋಡಿದ. ಸಾಸಿವೆ ಇರುವೆಗಳಿಗೆ ದಾರಿ ಬಿಡಿಸುತ್ತಲೇ ಇದ್ದಳು.

ಕೊನೆಗೆ ನೀನು ವ್ಯಾನು ಹತ್ತಿದೆ. ತಿರುಗಿಸಿಕೊಂಡು ಹೋಗುವ ಬದಲು ರಿವರ್ಸ್ ಹಾಕಿದೆ. ಹಿಂದಕ್ಕೆ ಹೋಗುವಾಗ ಹಿಂದೆ ನೋಡಬೇಕು ಎಂದು ನಿನಗೆ ಎಷ್ಟು ಸಲ ಹೇಳಿರಬಹುದು? ನೀನು ಮಾತ್ರ ಮುಂದಿನ ಗಾಜಿನಿಂದ ಅವಳನ್ನೇ ನೋಡುತ್ತ ಅಷ್ಟುದ್ದವೂ ಹಿಂದೆ ಹಿಂದೆ ಹೋದೆ, ಹೋಗಿ ಪೊಲೀಸಿನವರ ಡ್ರಮ್ಮಿಗೆ ಗುದ್ದಿದೆ. ನನ್ನ ಹತ್ತಿರ ಕಲಿತವನು ಎಂದು ಯಾರಿಗೂ ಹೇಳಬೇಡ.

ನೀನು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಎದ್ದು ಬಂದಳು. ಅಳಲಿಲ್ಲ. ಕಾರಿನ ಬಾಗಿಲು ತೆಗೆದುಕೊಟ್ಟಾಗ, "ನೀನು ಯಾಕೆ ನಮ್ಮಪ್ಪಂಗೆ ಬೈದೆ?" ಎಂದು ಕೇಳಿದಳು. "ಚೆನ್ನಾಗಿ ಓಡಿಸಲ್ಲ, ಅದಕ್ಕೆ" ಎಂದೆ. ದಾರಿಯುದ್ದಕ್ಕೂ ನನ್ನ ಜೊತೆ ಮಾತಿಲ್ಲ. ಮನೆಗೆ ಬಂದು ಎರಡು ದಿನ ಮೇಜಿನ ಕೆಳಗೆ ಕೂತು ಊಟ ಮಾಡಿದಳು. ಈಗ ಮೇಜಿನ ಮೇಲಕ್ಕೆ ಬಂದಿದ್ದಾಳೆ.

ಸ್ಕೂಲಿನ ಹೊಸ ಫೋನ್ ನಂಬರನ್ನು ನಿನ್ನ ಹೆಂಡತಿಗೆ ಯಾರದೋ ನಂಬರು ಎಂದು ಹೇಳಿ ಕೊಟ್ಟಿದ್ದೀಯಲ್ಲ, ಸಂಜೆ ಅವಳು ವಿಡಿಯೊ ಕಾಲ್ ಮಾಡಿದಾಗ ಫೋನನ್ನು ಗೋಡೆಗೆ ಒರಗಿಸಿ ನಾನು ಹೊರಗೆ ಹೋಗಿ ಕೂರುತ್ತೇನೆ. ಅವಳ ದನಿ ಅಂಗಳದವರೆಗೆ ಕೇಳಿಸುತ್ತದೆ. ಸ್ವಲ್ಪ ಸೊರಗಿದ ದನಿ. ಅವಳಿಗೆ ಹೊಟ್ಟೆಗೆ ಏನು ಕೊಡುತ್ತಾರೆ ಅಲ್ಲಿ?

ಇಂತಿ,
ಸಾಸಿವೆಯ ಅಜ್ಜಿ


ಮೇ ೧೩

ಅಮ್ಮ,

ಈ ಪದ ಬರೆದದ್ದು ಅಭ್ಯಾಸಬಲದಿಂದ, ಹೆಚ್ಚಿಗೆ ಅರ್ಥ ಹಚ್ಚಬೇಡ.

ಸಹೋದ್ಯೋಗಿಯ ಮನೆಯಲ್ಲಿ ಬಿಟ್ಟಿದ್ದೇನೆ, ಅವನ ಹೆಂಡತಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದ ನನ್ನ ಗಂಡ. ನಂಬಿದೆ. ನಿನ್ನೆ ಸಂಜೆ ಸಾಸಿವೆ ಫೋನನ್ನು ಎತ್ತಿಕೊಂಡು ಓಡಿದಳು. ಅವಳ ತಲೆಯ ಹಿಂದೆ ಒಂದು ಗೋಡೆ ಹಾದುಹೋಯಿತು. ಕಾರುಗಳ ಕೀ ತೂಗುಹಾಕುವ ಹಲಗೆ, ಅದರಲ್ಲಿ ಒಂದು ಕೊಕ್ಕೆ ಮುರಿದದ್ದು. ಅದನ್ನು ಮುರಿದವಳು ನಾನೇ. ಪಿಪಿಇ ತೊಟ್ಟುಕೊಳ್ಳುತ್ತಿದ್ದವಳು ಕಾರಿಡಾರಿನಲ್ಲೇ ಕೂತುಬಿಟ್ಟೆ. ಜೊತೆಯವರು ಮನೆಯಲ್ಲಿ ಯಾರಾದರೂ ಹೋದರೇನೋ ಎಂದುಕೊಂಡು ನೀರು ತಂದುಕೊಟ್ಟರು.

ನನ್ನ ಗಂಡ ನನಗೆ ಹೇಳಿದ ಮೊದಲನೆಯ ಸುಳ್ಳು ಇದು. ಅದೂ ನಿನ್ನ ಸಲುವಾಗಿ. ಗೇಟಿನ ಹತ್ತಿರ ಬರಬೇಡ, ಮನೆಗೂ ಹೋಗಬೇಡ ಎಂದಿದ್ದೇನೆ. ರಾತ್ರಿ ವ್ಯಾನಿನಲ್ಲೇ ಮಲಗಿದನಂತೆ. ಮಲಗಲಿ.

ನೀವಿಬ್ಬರೂ ಸೇರಿ ಸೇತುವೆಯ ಮೇಲೆ ನನ್ನ ಮಗುವನ್ನು ಪಾರ್ಸಲಿನ ಹಾಗೆ ಸಾಗಿಸಿದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಸಿಟ್ಟಾಗುತ್ತೇನೆ ಎಂದು ಹೇಳಲಿಲ್ಲವಂತೆ! ನೀನು ನನ್ನನ್ನು ಸಾಕಿದ್ದೇ ಹಾಗೆ. ಸ್ಟಿಯರಿಂಗ್ ನನ್ನ ಕೈಯಲ್ಲಿ, ಬ್ರೇಕು ನಿನ್ನ ಕಾಲಿನ ಕೆಳಗೆ. ಅದರಿಂದ ತಪ್ಪಿಸಿಕೊಳ್ಳಲು ಒಬ್ಬನನ್ನು ಕಟ್ಟಿಕೊಂಡರೆ, ಅವನೂ ನಿನ್ನ ಶಿಷ್ಯನೇ ತಾನೆ.

ಹೋದ ವಾರ ವಾರ್ಡಿನಲ್ಲಿ ನಿನ್ನ ವಯಸ್ಸಿನ ಒಬ್ಬರು ನನ್ನ ಬೆರಳು ಹಿಡಿದುಕೊಂಡು "ಬಂದ್ಯಾ ಮಗಳೆ?" ಎಂದರು. ಈ ಉಡುಪಿನಲ್ಲಿ ಎಲ್ಲರೂ ಒಂದೇ ಥರ ಕಾಣುತ್ತೇವೆ. "ಹ್ಞೂಂ ಅಮ್ಮ, ಬಂದೆ" ಎಂದೆ. ಎಷ್ಟು ಸುಲಭವಾಗಿ ಬಾಯಿಗೆ ಬಂತು. ಸಂಜೆಗೆ ಅವರು ಹೋದರು. ಅದಕ್ಕೂ ನನಗೆ ನಿನ್ನ ಮೇಲೆಯೇ ಸಿಟ್ಟು ಬಂತು. ಯಾಕೆಂದು ನನ್ನನ್ನು ಕೇಳಬೇಡ.

ನಿನ್ನೆ ಸಾಸಿವೆಯ ಮೂಗು ಕೆಂಪಗಿತ್ತು, ಕಣ್ಣು ಉಜ್ಜುತ್ತಿದ್ದಳು. ಜ್ವರ ನೋಡಿದೆಯಾ? ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಕ್ಲಿಪ್ಪನ್ನು ಔಷಧಿ ಅಂಗಡಿಯಿಂದ ತರಿಸು. ನಿನ್ನ ಸಕ್ಕರೆ ಎಷ್ಟಿದೆ? ಮಗಳಾಗಿ ಕೇಳುತ್ತಿಲ್ಲ, ನರ್ಸಾಗಿ ಕೇಳುತ್ತಿದ್ದೇನೆ. ಮಗುವಿರುವ ಮನೆಯಲ್ಲಿ ದೊಡ್ಡವರು ಬಿದ್ದರೆ ಏನು ಗತಿ?

ಉತ್ತರವನ್ನು ಕಾಗದದಲ್ಲಿ ಬರೆ. ಫೋನಿನಲ್ಲಿ ನಿನ್ನ ದನಿ ನನಗೆ ಬೇಡ. ರಸ್ತೆ ತೆರೆದ ದಿನ ಬಂದು ನನ್ನ ಮಗುವನ್ನು ಕರೆದುಕೊಂಡು ಹೋಗುತ್ತೇನೆ.

ಇಂತಿ,
ಸಾಸಿವೆಯ ತಾಯಿ


ಮೇ ೧೭

ಮಗಳೆ,

ಬರಬೇಡ. ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಆಮೇಲೆ ನಾನು ಹೇಳಲಿಲ್ಲ ಎನ್ನಬೇಡ.

ಸಾಸಿವೆಗೆ ಎರಡು ದಿನ ಮೈ ಬಿಸಿಯಿತ್ತು. ಈಗ ಇಳಿದಿದೆ, ಕುರ್ಚಿಯಿಂದ ಕುರ್ಚಿಗೆ ಹಾರುತ್ತಿದ್ದಾಳೆ. ನನಗೆ ಗುರುವಾರದಿಂದ ಶುರುವಾಗಿದೆ. ಕ್ಲಿಪ್ಪು ತರಿಸಿದೆ. ತೊಂಬತ್ತೆರಡು ತೋರಿಸುತ್ತದೆ, ಒಮ್ಮೊಮ್ಮೆ ತೊಂಬತ್ತು. ಇಲ್ಲಿನ ಆಸ್ಪತ್ರೆಯಲ್ಲಿ ಜನರನ್ನು ವರಾಂಡದಲ್ಲಿ ಮಲಗಿಸಿದ್ದಾರೆ, ಹಾಸಿಗೆಯಿಲ್ಲ. ಬೋರಲು ಮಲಗಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಮನೆಗೆ ಸೇರಿದ ಸ್ಕೂಲಿನ ಆಫೀಸು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದೇನೆ. ಮಗು ನಡುಮನೆಯಲ್ಲಿದೆ, ಕಿಟಕಿಯಿಂದ ಇಬ್ಬರೂ ಮಾತಾಡಿಕೊಳ್ಳುತ್ತೇವೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಊಟ ಇಡುತ್ತಾರೆ. ಸಾಸಿವೆ ನನ್ನ ತಟ್ಟೆಯನ್ನು ಬಾಗಿಲಿನ ಮುಂದಿಟ್ಟು, ಒಂದು ಸಲ ಬಡಿದು ಓಡುತ್ತಾಳೆ. ಇದು ಆಟ ಎಂದುಕೊಂಡಿದ್ದಾಳೆ. ಹಾಗೇ ಇರಲಿ.

ಫೋನು ಬೇಡ ಎಂದದ್ದು ಒಳ್ಳೆಯದಾಯಿತು. ಮಾತಾಡಿದರೆ ಕೆಮ್ಮು ನಿನಗೆ ಕೇಳಿಸುತ್ತಿತ್ತು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನನಗೆ ಇದು ಬಂದದ್ದು ತರಕಾರಿ ಗಾಡಿಯವನಿಂದ. ನಾನು ಎಲ್ಲರಿಗೂ ಹಾಗೇ ಹೇಳಿದ್ದೇನೆ. ನೀನೂ ಹಾಗೇ ಹೇಳು, ನಿನ್ನ ಗಂಡನಿಗೂ ಹೇಳು. ನನಗೆ ಏನಾದರೂ ಆದರೆ, ಮಗು ದೊಡ್ಡವಳಾಗಿ ಕೇಳಿದರೂ, ತರಕಾರಿಯವನೇ. ಈ ಮಾತು ತಪ್ಪಿದರೆ ನಾನು ಯಾವ ಲೋಕದಲ್ಲಿದ್ದರೂ ನಿನ್ನನ್ನು ಬಿಡುವುದಿಲ್ಲ.

ನೀನು ಬರೆದ ಬ್ರೇಕಿನ ಮಾತು ಓದಿದೆ. ಅದಕ್ಕೆ ಉತ್ತರ ಇದೆ. ಉಸಿರು ಸಾಲದು, ಇನ್ನೊಮ್ಮೆ ಕೊಡುತ್ತೇನೆ.

ವಾರ್ಡು ಬಿಟ್ಟು ಬರಬೇಡ. ಅಲ್ಲಿರುವವರೂ ಯಾರಿಗೋ ಅಮ್ಮಂದಿರು. ಸೇತುವೆಯ ಮೇಲೆ ಈಗ ಟ್ಯಾಂಕರು, ಆಂಬುಲೆನ್ಸು ಬಿಟ್ಟರೆ ಬೇರೆ ಗಾಡಿ ಬಿಡುತ್ತಿಲ್ಲ. ಸೇತುವೆಗೆ ಸ್ವಲ್ಪ ಮೊದಲೇ ಎಡಕ್ಕೆ ಕಲ್ಲುಗಣಿಯ ಹಾದಿ ಇದೆ, ಬೇಸಿಗೆಯಲ್ಲಿ ಹೊಳೆಯನ್ನು ಅಲ್ಲಿ ದಾಟಬಹುದು, ನಮ್ಮೂರಿನ ಪೆಟ್ರೋಲ್ ಬಂಕಿನ ಹಿಂದೆ ಬಂದು ಸೇರುತ್ತದೆ. ಆ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ಒತ್ತಿದರೆ ಜಾರುತ್ತದೆ ಎಂದು ನಿನ್ನ ಗಂಡನಿಗೆ ಹೇಳು. ಗೇಟಿನ ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಕೊಟ್ಟಿದ್ದೇನೆ. ಆಫೀಸು ಕೋಣೆಯ ಚಿಲಕ ಸಡಿಲವಾಗಿದೆ, ನಾನು ತೆಗೆಯದಿದ್ದರೆ ಭುಜ ಕೊಟ್ಟು ತಳ್ಳಿದರೆ ಸಾಕು. ಅದಕ್ಕೆ ಮೊದಲು ಮಗುವನ್ನು ಪಕ್ಕದ ಮನೆಯ ಅಂಗಳಕ್ಕೆ ಕಳಿಸು. ನಿನ್ನ ಕೋಣೆಯ ಹಾಸಿಗೆಗೆ ಒಗೆದ ಚಾದರ ಹಾಕಿದೆ.

ಬರಬೇಡ ಎಂದೇ ಬರೆದಿದ್ದೇನೆ. ಅನುಮಾನವಿದ್ದರೆ ಮೇಲಿನಿಂದ ಇನ್ನೊಮ್ಮೆ ಓದು.

ಇಂತಿ,
ಅಮ್ಮ


ಜೂನ್ ೨

ನಿನಗೆ,

ಅಮ್ಮನ ಮನೆಯ ಗೇಟಿನಲ್ಲಿ ನನ್ನನ್ನು, ಮೆಷಿನನ್ನು ಇಳಿಸಿ ನೀನು ತಿರುಗಿ ಹೋದ ಮೇಲೆ ಏನಾಯಿತು ಎಂದು ಟ್ಯಾಂಕರಿನವನ ಹತ್ತಿರ ಪ್ರತಿ ಸಲವೂ ಕೇಳಿ ಕಳಿಸುತ್ತಿದ್ದೀಯ. ಅವನು ಪಾಪ, ಗೇಟಿನ ಹೊರಗೆ ನಿಂತು "ಏನಂತ ಹೇಳ್ಲಿ ಅಕ್ಕಾ?" ಎನ್ನುತ್ತಾನೆ. ಇವತ್ತಿನವರೆಗೆ ಹೇಳುವಂಥದ್ದು ಇರಲಿಲ್ಲ.

ದಾರಿಯುದ್ದಕ್ಕೂ ನಿನ್ನ ಜೊತೆ ಮಾತಾಡಲಿಲ್ಲ. ಇನ್ನೂ ಮಾತಾಡುವ ಮನಸ್ಸಿಲ್ಲ. ನೀನು ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚಿಸುವುದನ್ನೇ ಬಿಟ್ಟಿದ್ದೇನೆ, ನನಗೆ ಹೇಳದೆ ಮಾಡಿದೆ ಎಂಬುದು ಮಾತ್ರ ಮುಳ್ಳಿನ ಹಾಗೆ ಉಳಿದಿದೆ. ರಜೆ ಕೇಳಲು ಹೋದಾಗ ನಮ್ಮ ಮೇಟ್ರನ್ ಒಂದೂ ಪ್ರಶ್ನೆ ಕೇಳಲಿಲ್ಲ. ಸ್ಟೋರಿನಿಂದ ಆಕ್ಸಿಜನ್ ಮೆಷಿನ್ ತೆಗೆಸಿ, "ನಿನ್ನ ಪಾಳಿ ನಾನು ನಿಲ್ತೀನಿ, ಹೋಗು" ಎಂದರು. ನಮ್ಮಮ್ಮನ ವಯಸ್ಸು ಅವರದು.

ಚಿಲಕ ಅಮ್ಮ ಹೇಳಿದ್ದಕ್ಕಿಂತ ಗಟ್ಟಿಯಿತ್ತು. ಮೂರು ಸಲ ಭುಜ ಕೊಟ್ಟೆ. ಬೆಂಚುಗಳನ್ನು ಜೋಡಿಸಿಕೊಂಡು ಬೋರಲು ಮಲಗಿದ್ದಳು. ತಲೆ ತಿರುಗಿಸಿ ನೋಡಿ, "ಯಾಕೆ..." ಎಂದಳು. ಉಸಿರು ಎಳೆದುಕೊಂಡು "...ಬಂದೆ?" ಎಂದಳು.

ವಾರ್ಡಿನಲ್ಲಿ ನಾವು ಯಂತ್ರ ನೋಡುವುದಕ್ಕೆ ಮೊದಲು ರೋಗಿಯ ಮಾತು ಕೇಳುತ್ತೇವೆ. ಒಂದು ಉಸಿರಿಗೆ ಎಷ್ಟು ಮಾತು ಬರುತ್ತದೆ ಎಂಬುದರ ಮೇಲೆ ಎದೆ ಎಷ್ಟು ಕೆಟ್ಟಿದೆ ಎಂದು ಅಂದಾಜು ಸಿಗುತ್ತದೆ. ಅಮ್ಮನಿಗೆ ಒಂದು ಉಸಿರಿಗೆ ಒಂದೇ ಮಾತು. ಮಾತಾಡಿಸಬೇಕಿತ್ತು. ಅವಳನ್ನು ಮಾತಾಡಿಸಲು ನನಗೆ ಗೊತ್ತಿರುವ ದಾರಿ ಒಂದೇ. ಮೆಷಿನ್ ಹಚ್ಚಿ, ಮೂಗಿಗೆ ಕೊಳವೆ ಸಿಕ್ಕಿಸಿ, ಜಗಳ ತೆಗೆದೆ.

"ನಮ್ಮ ಮದುವೆ ಊಟಕ್ಕೆ ಯಾಕೆ ಬರ್ಲಿಲ್ಲ?"

"ಕರೆದ್ರಾ?"

"ಕಾರ್ಡ್ ಕಳಿಸಿರ್ಲಿಲ್ವಾ?"

"ಕಾರ್ಡು... ಕರೆಯೋದಾ?"

ಹೀಗೆ ಮೂರು ದಿನ. ನಾನು ಕೆಣಕುವುದು, ಅವಳು ಕೊಸರುವುದು. ಸಾಸಿವೆ ಕಿಟಕಿಯ ಆಚೆ ಕೂತು ಕೇಳುತ್ತಿದ್ದಳು. "ಅಮ್ಮ, ಅಜ್ಜಿಗೆ ಯಾರು ಜ್ವರ ಕೊಟ್ರು?" ಎಂದಳು ಒಮ್ಮೆ. ತರಕಾರಿ ಗಾಡಿಯವನು ಎಂದೆ. ಅಮ್ಮ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. ನೀನೂ ಹಾಗೆಯೇ ಹೇಳು. ಇದೊಂದು ವಿಷಯದಲ್ಲಿ ಮಾತ್ರ ನಮ್ಮ ಮೂವರದೂ ಒಂದೇ ಮಾತು.

ನಾಲ್ಕನೆಯ ದಿನ ಅವಳು ನನಗೆ ಬೈಯಲಿಲ್ಲ. ಮದುವೆಯ ವಿಷಯ ತೆಗೆದೆ, ಸುಮ್ಮನೆ ನೋಡಿದಳು. ನಿನ್ನ ವಿಷಯ ತೆಗೆದೆ, ಸುಮ್ಮನೆ ನೋಡಿದಳು. ಸ್ಕೂಲನ್ನು ಮಾರಿಬಿಡುತ್ತೇನೆ, ಕಾರುಗಳನ್ನು ಗುಜರಿಗೆ ಹಾಕುತ್ತೇನೆ ಎಂದೆ. ನನ್ನ ಕೈ ಹುಡುಕಿ ಹಿಡಿದುಕೊಂಡು, "ಆಗ್ಲಿ" ಎಂದಳು. ಚಿಕ್ಕಂದಿನಿಂದ ನಾನು ಅವಳ ಬಾಯಿ ಮುಚ್ಚಲಿ ಎಂದು ಹರಕೆ ಹೊತ್ತವಳು. ಮುಚ್ಚಿದೊಡನೆ ಮೇಟ್ರನ್‌ಗೆ ಫೋನ್ ಮಾಡಿದೆ, ಅವರು ಹೇಳಿದ ಇಂಜೆಕ್ಷನ್ ಅನ್ನು ಪಕ್ಕದ ಮನೆಯವರು ಊರೆಲ್ಲ ಸುತ್ತಿ ತಂದುಕೊಟ್ಟರು. ಮತ್ತೆ ಬೋರಲು ಮಲಗಿಸಿದೆ, ಬೆನ್ನು ತಟ್ಟಿದೆ, ತಟ್ಟುತ್ತಲೇ ಇದ್ದೆ.

ಅಲ್ಲಿಂದ ಮಾತು ನಿಧಾನವಾಗಿ ಹತ್ತಿಕೊಂಡಿತು. ಮೊದಲು "ಕಿಟಕಿ ಹಾಕು". ಆಮೇಲೆ "ಕಿಟಕಿ ಹಾಕು ಅಂದ್ರೆ ಕೇಳ್ಸಲ್ವಾ". ನಿನ್ನೆ ಆರೇಳು ಮಾತು ಒಟ್ಟಿಗೆ ಬಂದವು, ಎಲ್ಲವೂ ನೀನು ಡ್ರಮ್ಮಿಗೆ ಗುದ್ದಿದ್ದರ ಬಗ್ಗೆ.

ನೀನು ಮನೆಗೆ ಹೋಗಿ ಮಲಗು. ವ್ಯಾನಿನಲ್ಲಿ ಮಲಗಿ ಸೊಂಟ ಹಿಡಿಸಿಕೊಂಡರೆ ಉಜ್ಜಲು ನನಗೆ ಪುರುಸೊತ್ತಿಲ್ಲ. ದರ್ಜಿಯವರು ವಾಪಸ್ ಬಂದರೆಂದು ಕೇಳಿ ಸಾಸಿವೆ ಕುಣಿದಳು. ಗುಂಡಿ ಹಾಕಿಸಿಕೊಂಡ ಫ್ರಾಕನ್ನು ಅವರಿಗೆ ತೋರಿಸಬೇಕಂತೆ. ನಾವು ಬರಲು ಇನ್ನೂ ಎರಡು ವಾರವಾದರೂ ಬೇಕು. ಅಮ್ಮ ನಮ್ಮ ಜೊತೆ ಬರುವುದಿಲ್ಲ. ನಾನು ಕರೆಯಲೂ ಇಲ್ಲ.

ಇವತ್ತು ಬೆಳಿಗ್ಗೆ ಗಂಜಿ ಮಾಡಿ ಕೊಟ್ಟೆ. ಕೊಳವೆ ತೆಗೆದಿದ್ದೆ. ಒಂದು ಚಮಚ ಬಾಯಿಗಿಟ್ಟುಕೊಂಡಳು, ಚಮಚವನ್ನು ಕೆಳಗಿಟ್ಟಳು. ಎಲ್ಲಿಯೂ ನಿಲ್ಲದೆ, ನಡುವೆ ಉಸಿರು ಎಳೆದುಕೊಳ್ಳದೆ ಹೇಳಿದಳು:

"ಉಪ್ಪಿಲ್ಲ ಖಾರವಿಲ್ಲ, ಆಸ್ಪತ್ರೇಲಿ ಇದನ್ನೇ ಕೊಟ್ಟು ಜನಾನ ಸಾಯಿಸ್ತೀರೇನು, ನಿನಗೆ ನರ್ಸ್ ಕೆಲಸ ಕೊಟ್ಟೋರಿಗೆ ಬುದ್ಧಿ ಇಲ್ಲ, ನಿನ್ನ ಕಟ್ಕೊಂಡ ಆ ಮಹಾರಾಯನಿಗಂತೂ ಹುಟ್ಟಿದಾಗಿಂದ ಇಲ್ಲ."

ನಾನು ಬಟ್ಟಲನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಅದರ ಸದ್ದಿನಲ್ಲಿ ಅತ್ತೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದು, ಅವಳೆದುರು ಸ್ಟೂಲು ಎಳೆದು ಕೂತು, ಒಂದನ್ನೂ ಬಿಡದೆ ಎಲ್ಲದಕ್ಕೂ ತಿರುಗಿ ಬೈದೆ.

ಇಂತಿ,
ಇನ್ನೂ ಸಿಟ್ಟಿಳಿಯದ ನಿನ್ನ ಹೆಂಡತಿ